ಮನೆಯೊಳಗಿನ ವಿಳಾಸ

ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ‘ನಾಲ್ಕನೆಯ ಅಡ್ಡರಸ್ತೆ’ ಉಂಟು. ಬಡಾವಣೆಯ ಹೆಸರಿಲ್ಲದ ಕಾಗದ ಯಾವ ಮನೆಯನ್ನು ಸೇರೀತು?

ಮನೆಯ ರೂಟರಿನ ಅವಸ್ಥೆಯೂ ಇದೇ. ಖಾಸಗಿ ಜಾಲಗಳಿಗೆಂದು ಮೂರು ವಿಳಾಸಶ್ರೇಣಿಗಳು ಮೀಸಲಾಗಿವೆ. 1996ರ ನಿಯಮದಂತೆ ಅವನ್ನು ಅಪ್ಪಣೆಯಿಲ್ಲದೆ ಯಾರು ಬೇಕಾದರೂ ಬಳಸಬಹುದು. ಆದುದರಿಂದಲೇ ಅನೇಕ ರೂಟರುಗಳು 192.168.1 ಎಂಬ ಒಂದೇ ಶ್ರೇಣಿಯನ್ನು ಹೊತ್ತು ಮನೆಗೆ ಬರುತ್ತವೆ.

ಮನೆಯಲ್ಲಿ ಕುಳಿತು ವಿ.ಪಿ.ಎನ್. ಮೂಲಕ ಕಚೇರಿಯ ಕಡತ ತೆರೆಯಹೊರಟ ಗೃಹಸ್ಥನಿಗೆ ತೊಡಕಾಗುವುದು ಇಲ್ಲಿಯೇ. ಕಚೇರಿಯ ಜಾಲಕ್ಕೂ ಅದೇ ಶ್ರೇಣಿಯಿದ್ದರೆ, ಕಂಪ್ಯೂಟರು ಆ ಕಡತವನ್ನು ಮನೆಯೊಳಗೇ ಹುಡುಕಿ ಬರಿಗೈಯಲ್ಲಿ ಮರಳೀತು. ಪಾಸ್‌ವರ್ಡು ತಪ್ಪಿಲ್ಲ, ತಂತಿ ಕಡಿದಿಲ್ಲ. ಆದರೂ ಕೆಲಸ ಸಾಗದು.

ಪರಿಹಾರ ಸುಲಭ. ರೂಟರಿನ ಲ್ಯಾನ್ ವಿಳಾಸವನ್ನು 192.168.73.1 ಎಂದೋ, ಕಚೇರಿಯಲ್ಲಿಲ್ಲದ ಬೇರೊಂದಕ್ಕೋ ಬದಲಿಸಬೇಕು, ಡಿ.ಎಚ್.ಸಿ.ಪಿ. ಹಂಚುವ ಶ್ರೇಣಿಯೂ ಅದಕ್ಕೆ ಹೊಂದಬೇಕು. ಫೋನು, ಟೆಲಿವಿಷನ್ನುಗಳು ಮರಳಿ ಜೋಡಣೆಗೊಂಡಾಗ ಹೊಸ ವಿಳಾಸವನ್ನು ತಾವೇ ಪಡೆಯುತ್ತವೆ. ಸ್ಥಿರ ವಿಳಾಸ ಕೊಟ್ಟಿರುವ ಪ್ರಿಂಟರನ್ನು ಮಾತ್ರ ಕೈಯಾರೆ ತಿದ್ದಬೇಕು.

ಮುಂದೆ ರೂಟರಿನ ಬಾಗಿಲು ತೆರೆಯುವುದೂ ಹೊಸ ವಿಳಾಸಕ್ಕೇ. ಅದನ್ನು ಮರೆಯದೆ ಗೋಡೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದಿಟ್ಟವನೇ ಜಾಣ.