ನವೆಗೆ ‘ಎರಡೇ ದಿನದಲ್ಲಿ ಮಾಯ’ ಮುಲಾಮು: ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಒಂದು ಟ್ಯೂಬಿನ ಫೋಟೊ, ಕೆಳಗೆ ಎರಡು ಸಾಲು: ‘ತೊಡೆಸಂದಿ ನವೆ, ಗಜಕರ್ಣಕ್ಕೆ ಇದನ್ನೇ ಹಚ್ಚಿ. ಎರಡೇ ದಿನದಲ್ಲಿ ಮಾಯ.’ ಇಂಥ ಮೆಸೇಜು ನಿಮ್ಮ ಮನೆಯ ಗ್ರೂಪಿಗೂ ಬಂದಿರಬಹುದು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರಿಗೆ ನವೆ ಹೊಸದಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ನಿಂತು ಭತ್ತದ ನಾಟಿ, ಕಬ್ಬು ಕಡಿಯುವ ಕೆಲಸ, ಆಲೆಮನೆಯ ಒಲೆ ಮುಂದೆ ದಿನವಿಡೀ ಬೆವರು. ಗಾರ್ಮೆಂಟ್ಸ್‌ಗೆ ಹೋಗುವವರು ಬೆಳಗ್ಗೆ ಹಾಕಿದ ಬಿಗಿ ಬಟ್ಟೆ ಬಿಚ್ಚುವುದು ರಾತ್ರಿಯೇ. ಫಂಗಸ್‌ಗೆ ಬೇಕಾದ ತೇವ, ಬಿಸಿ ಎರಡೂ ಇಲ್ಲಿ ಧಾರಾಳ.

ಹಾಗಾದರೆ ಆ ಮೆಸೇಜು ಸುಳ್ಳೇ? ಪೂರ್ತಿ ಸುಳ್ಳಲ್ಲ, ತೊಂದರೆ ಇರುವುದೇ ಅಲ್ಲಿ. ಹಚ್ಚಿದ ಎರಡು ದಿನಕ್ಕೆ ನವೆ ನಿಜವಾಗಿಯೂ ನಿಲ್ಲುತ್ತದೆ. ಇಂಥ ಎಷ್ಟೋ ಟ್ಯೂಬುಗಳಲ್ಲಿ ಫಂಗಸ್ ಔಷಧದ ಜೊತೆಗೆ ಕ್ಲೋಬೆಟಸಾಲ್ ಅಥವಾ ಬೀಟಾಮೆಥಾಸೋನ್‌ನಂಥ ಸ್ಟೆರಾಯ್ಡ್, ಮೇಲೊಂದು ಆ್ಯಂಟಿಬಯಾಟಿಕ್ ಕೂಡ ಸೇರಿರುತ್ತದೆ. ಚರ್ಮ ಕೆಂಪಾಗುವುದು, ನವೆಯಾಗುವುದು ಫಂಗಸ್ ವಿರುದ್ಧ ನಮ್ಮ ದೇಹ ನಡೆಸುವ ಹೋರಾಟದ ಗುರುತು. ಸ್ಟೆರಾಯ್ಡ್ ಆ ಹೋರಾಟವನ್ನೇ ತಣ್ಣಗಾಗಿಸುತ್ತದೆ. ನವೆ ನಿಂತಿತು ಎಂದು ನಾವು ಟ್ಯೂಬನ್ನು ಎತ್ತಿಡುತ್ತೇವೆ, ಫಂಗಸ್ ಒಳಗೊಳಗೇ ಹರಡುತ್ತದೆ. ಹತ್ತು ದಿನ ಬಿಟ್ಟು ಮತ್ತೆ ಬಂದಾಗ ಇನ್ನೂ ಅಗಲ, ಇನ್ನೂ ಜೋರು. ಗಜಕರ್ಣದ ದುಂಡನೆಯ ಅಂಚು ಅಳಿಸಿಹೋಗುವುದರಿಂದ ವೈದ್ಯರಿಗೂ ಗುರುತಿಸುವುದು ಕಷ್ಟ. ತಿಂಗಳುಗಟ್ಟಲೆ ಹಚ್ಚಿದರೆ ತೊಡೆಸಂದಿಯ ಚರ್ಮ ತೆಳುವಾಗಿ ಗೀರು ಬೀಳುತ್ತದೆ, ಆ ಗೀರು ಮತ್ತೆ ಪೂರ್ತಿ ಹೋಗುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೆರಾಯ್ಡ್‌ಗಳಲ್ಲಿ 14 ಬಗೆಯನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು, ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 328 ಬೆರಕೆ ಔಷಧಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಇಂಥ ಚರ್ಮದ ಮುಲಾಮುಗಳೂ ಇದ್ದವು. ಆದರೂ ‘ನವೆಗೆ ಏನಾದ್ರೂ ಕೊಡಣ್ಣ’ ಎಂದರೆ ಮೆಡಿಕಲ್‌ನಲ್ಲಿ ಏನು ಸಿಗುತ್ತದೆ ಎಂದು ನಿಮಗೇ ಗೊತ್ತು.

ಇದು ಒಬ್ಬರ ಚರ್ಮಕ್ಕೆ ಮುಗಿಯುವ ಕಥೆಯಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಈಗ ಭಾರತದಲ್ಲಿ ಗಜಕರ್ಣ ತರುತ್ತಿರುವ ಮುಖ್ಯ ಫಂಗಸ್‌ಗೆ 2020ರಲ್ಲಿ ವಿಜ್ಞಾನಿಗಳು ಇಟ್ಟ ಹೆಸರು ಟ್ರೈಕೋಫೈಟಾನ್ ಇಂಡೋಟಿನಿಯೆ. ಹೆಸರಿನಲ್ಲೇ ನಮ್ಮ ದೇಶ ಇದೆ, ಹೆಮ್ಮೆಪಡುವಂಥದ್ದೇನಲ್ಲ. ದಶಕಗಳಿಂದ ಕೆಲಸ ಮಾಡುತ್ತಿದ್ದ ಟರ್ಬಿನಾಫಿನ್ ಮಾತ್ರೆಗೆ ಇದರ ಅನೇಕ ತಳಿಗಳು ಜಗ್ಗುವುದಿಲ್ಲ. ಆ ಮಾತ್ರೆ ಹಿಡಿದು ನಿಲ್ಲಿಸಬೇಕಾದ ಕಿಣ್ವದ ಆಕಾರವನ್ನೇ ಫಂಗಸ್ ಬದಲಿಸಿಕೊಂಡಿದೆ. ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ, ಬಹುದಿನದಿಂದ ಕಾಡುವ ಗಜಕರ್ಣದ 200 ರೋಗಿಗಳಿಗೆ ನಾಲ್ಕು ಬೇರೆ ಬೇರೆ ಮಾತ್ರೆ ಕೊಟ್ಟು 8 ವಾರ ನೋಡಿದರು. ಇಟ್ರಾಕೊನಜೋಲ್ ತೆಗೆದುಕೊಂಡವರಲ್ಲಿ ಶೇ. 66, ಫ್ಲುಕೊನಜೋಲ್‌ನಲ್ಲಿ ಶೇ. 42, ಟರ್ಬಿನಾಫಿನ್‌ನಲ್ಲಿ ಶೇ. 28, ಗ್ರಿಸಿಯೋಫುಲ್ವಿನ್‌ನಲ್ಲಿ ಶೇ. 14 ಜನರಿಗೆ ಮಾತ್ರ ವಾಸಿಯಾಯಿತು. ಅತ್ಯುತ್ತಮ ಎನ್ನಿಸಿದ ಮಾತ್ರೆಯೂ ಮೂವರಲ್ಲಿ ಒಬ್ಬರಿಗೆ ಕೈಕೊಟ್ಟಿದೆ. 2023ರಲ್ಲಿ ಈ ಫಂಗಸ್ ನ್ಯೂಯಾರ್ಕ್‌ನಲ್ಲೂ ಸಿಕ್ಕಿತು.

‘ಬೇರೆ ಔಷಧ ಕೊಡಲಿ ಬಿಡಿ’ ಎನ್ನಬಹುದು. ಆದರೆ ಬ್ಯಾಕ್ಟೀರಿಯಾಕ್ಕೆ ಇರುವಷ್ಟು ಔಷಧ ಫಂಗಸ್‌ಗೆ ಇಲ್ಲ. ಫಂಗಸ್‌ನ ಜೀವಕೋಶ ಬಹುಮಟ್ಟಿಗೆ ನಮ್ಮದರಂತೆಯೇ ಇದೆ, ಅದನ್ನು ಕೊಲ್ಲುವ ವಸ್ತು ನಮಗೂ ಪೆಟ್ಟು ಕೊಡುವುದೇ ಹೆಚ್ಚು. ಹತ್ತು ವರ್ಷದಲ್ಲಿ ಒಪ್ಪಿಗೆ ಸಿಕ್ಕ ಹೊಸ ಫಂಗಸ್ ಔಷಧಗಳು ನಾಲ್ಕೇ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿದೆ.

ಇರುವ ಔಷಧವನ್ನೂ ನಾವು ಕೆಡಿಸಿಕೊಳ್ಳುತ್ತೇವೆ. ಒಂದು ಸಣ್ಣ ಉದಾಹರಣೆ. ನಮ್ಮಲ್ಲಿ ಯಾವ ಮಾತ್ರೆ ಬರೆದರೂ ಜೊತೆಗೊಂದು ಗ್ಯಾಸ್ ಮಾತ್ರೆ ಇರುವುದು ರೂಢಿ. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕರಗಿ ರಕ್ತ ಸೇರಲು ಹೊಟ್ಟೆಯ ಹುಳಿ ಬೇಕು, ಊಟವಾದ ಮೇಲೆ ತೆಗೆದುಕೊಳ್ಳಿ ಎನ್ನುವುದು ಅದಕ್ಕೇ. ಗ್ಯಾಸ್ ಮಾತ್ರೆ ಆ ಹುಳಿಯನ್ನೇ ಇಳಿಸುತ್ತದೆ. ದುಬಾರಿ ಕ್ಯಾಪ್ಸೂಲ್ ನುಂಗಿಯೂ ನವೆ ಹೋಗದಿದ್ದರೆ ಫಂಗಸ್ ಒಂದನ್ನೇ ದೂರಲಾಗದು.

ಆಸ್ಪತ್ರೆಯೊಳಗೆ ಇದೇ ಕೊರತೆ ಎಷ್ಟು ಭಯಂಕರವಾಗಬಹುದು ಎಂಬುದು 2021ರ ಮೇ, ಜೂನ್‌ನಲ್ಲಿ ಕಂಡಿತು. ಕೋವಿಡ್ ಗೆದ್ದು ಮನೆಗೆ ಬಂದವರ ಮೂಗು, ಕಣ್ಣಿಗೆ ಕಪ್ಪು ಫಂಗಸ್ ತಗುಲಿತು. ಸಕ್ಕರೆ ಕಾಯಿಲೆ, ಜೊತೆಗೆ ಹೆಚ್ಚಾಗಿ ಕೊಟ್ಟ ಸ್ಟೆರಾಯ್ಡ್ ಇದಕ್ಕೆ ದಾರಿ ಮಾಡಿದ್ದವು. ಇಲ್ಲೂ ಸ್ಟೆರಾಯ್ಡ್ ಎಂಬುದನ್ನು ಗಮನಿಸಿ. ಮುಖ್ಯ ಔಷಧ ಆಂಫೊಟೆರಿಸಿನ್ ಬಿ. ಅದರ ಹಳೆಯ, ಅಗ್ಗದ ರೂಪ ಕಿಡ್ನಿಗೆ ಏಟು ಕೊಡುವುದರಿಂದ ಪದೇ ಪದೇ ರಕ್ತ ಪರೀಕ್ಷೆ ಬೇಕು, ಲೈಪೋಸೋಮಲ್ ರೂಪ ಸುರಕ್ಷಿತವಾದರೂ ಬಲು ದುಬಾರಿ. ಆಗ ಅದು ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ. ಯಾವ ರಾಜ್ಯಕ್ಕೆ ಎಷ್ಟು ವಯಲ್ ಎಂದು ಕೇಂದ್ರ ಸಚಿವ ಡಿ.ವಿ. ಸದಾನಂದ ಗೌಡರು ಟ್ವಿಟರ್‌ನಲ್ಲಿ ಪಟ್ಟಿ ಹಾಕುತ್ತಿದ್ದರು. ಜೂನ್ 12ರಂದು ಅದರ ಮೇಲಿನ ಜಿಎಸ್‌ಟಿಯನ್ನೇ ತೆಗೆದುಹಾಕಲಾಯಿತು. ಅದೇ ಹೊತ್ತಿಗೆ ನಮ್ಮ ಗ್ರೂಪುಗಳಲ್ಲಿ ಓಡುತ್ತಿದ್ದುದೇನು? ಈರುಳ್ಳಿ ಸಿಪ್ಪೆಯ ಕಪ್ಪು, ಫ್ರಿಜ್ಜಿನ ರಬ್ಬರಿನ ಕಪ್ಪೇ ಬ್ಲ್ಯಾಕ್ ಫಂಗಸ್ ಎಂಬ ಫಾರ್ವರ್ಡ್. ಈರುಳ್ಳಿಯ ಕಪ್ಪು ಬೂಷ್ಟು ಆಸ್ಪರ್ಜಿಲಸ್ ಎಂಬ ಬೇರೆಯೇ ಜಾತಿ. ತೊಳೆದು ಹೆಚ್ಚಿದರೆ ಆಯಿತು.

ಮತ್ತೆ ನವೆಗೆ ಬರೋಣ. ಚರ್ಮವನ್ನು ಸ್ವಲ್ಪ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಕೆಒಎಚ್ ಪರೀಕ್ಷೆಗೆ ದೊಡ್ಡ ಯಂತ್ರ ಬೇಕಿಲ್ಲ. ಫಂಗಸ್ ಇದೆಯೋ, ಅದು ಬರೀ ಇಸುಬೋ ಎಂದು ತಿಳಿಯಲು ಇದು ನೆರವಾಗುತ್ತದೆ. ಓಪಿಡಿ ರಶ್ಶಿನಲ್ಲಿ ಇದನ್ನು ಬಿಟ್ಟು ನೇರ ಚೀಟಿ ಬರೆಯುವುದೇ ಬಹಳ. ಮದ್ದೂರು, ಮಳವಳ್ಳಿಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ವಾಸಿಯಾಗದೆ ಮತ್ತೆ ಮತ್ತೆ ಬರುತ್ತಿದ್ದರೆ ಮಂಡ್ಯದ ಮಿಮ್ಸ್‌ಗೆ ಕಳಿಸುವಂತೆ ಕೇಳಿ. ಪರೀಕ್ಷೆ ಮಾಡುತ್ತೀರಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾಗಿದ್ದರೂ ಸರಿ, ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಯಾವುದರಲ್ಲಿ ಸ್ಟೆರಾಯ್ಡ್ ಇತ್ತೆಂದು ವೈದ್ಯರು ಅದನ್ನು ನೋಡಿಯೇ ಹೇಳುತ್ತಾರೆ. ಮನೆಯಲ್ಲಿ ಇನ್ನೊಬ್ಬರಿಗೂ ನವೆ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಒಂದೇ ಟವೆಲ್ ಬಳಸುವ ಮನೆಯಲ್ಲಿ ಒಬ್ಬರಿಗೆ ಮಾತ್ರ ಔಷಧ ಮಾಡಿದರೆ ಇನ್ನೊಬ್ಬರಿಂದ ಅದು ಮತ್ತೆ ಬರುತ್ತದೆ.