ಅಮ್ಮಿಯ ಒಂದು ಚಿತ್ರ

ತಮ್ಮ ತಂದ ಕ್ಯಾನನ್ ಇಓಎಸ್ 1500ಡಿ ಕ್ಯಾಮೆರಾ ಒಂದು ವಾರ ನನ್ನ ಕೈಯಲ್ಲಿತ್ತು. ಹೊಸಬರಿಗಾಗಿ 2018ರಲ್ಲಿ ಬಂದ ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್ ಇದು. 24.1 ಮೆಗಾಪಿಕ್ಸೆಲ್, ಜೊತೆಗೆ 18-55 ಲೆನ್ಸ್.

ಲಕ್ಷ್ಮೇಶ್ವರದಲ್ಲಿ 1617ರ ಜುಮ್ಮಾ ಮಸೀದಿಯ ಎದುರು ಲೆನ್ಸನ್ನು 18ಕ್ಕೆ ತಿರುಗಿಸಿದೆ. ಮುಂಭಾಗವೆಲ್ಲ ಚೌಕಟ್ಟಿನೊಳಗೆ ಬಂತು. ಬೆಳಗಿನ ಬಿಸಿಲಿನಲ್ಲಿ ‘ಆಟೋ’ದಲ್ಲಿಟ್ಟರೂ ಚಿತ್ರ ಚೊಕ್ಕ.

ಕಷ್ಟವಾದದ್ದು ಮನೆಯೊಳಗೆ. ಟ್ಯೂಬ್‌ಲೈಟಿನಡಿ ಅಮ್ಮಿಯ ಚಿತ್ರ ಅಲುಗಿದಂತೆ ಬಂತು. ಫ್ಲ್ಯಾಶ್ ಹಾಕಿದರೆ ಮುಖ ಬೆಳ್ಳಗಾಯಿತು. ಫ್ಲ್ಯಾಶ್ ಬಿಟ್ಟು, ಐಎಸ್‌ಒ 800ಕ್ಕೆ ಏರಿಸಿ, ಅಮ್ಮಿಯನ್ನು ಕಿಟಕಿಯ ಪಕ್ಕ ಕೂರಿಸಿದೆ. ಸರಿಹೋಯಿತು.

ನನ್ನ ನಿಕಾಹ್‌ನ ಆಲ್ಬಮ್ಮಿನಲ್ಲಿ ಅಮ್ಮಿ ಎಲ್ಲೂ ಇಲ್ಲ. ಫೋಟೋದವರು ಬಂದಾಗಲೆಲ್ಲ ಒಳಗೆ ಹೋಗಿಬಿಡುತ್ತಿದ್ದರು. ಮಗಳ ಮುಂದೆ ಮಾತ್ರ ನಗುತ್ತಾ ಕುಳಿತರು. ಮನೆಯ ಹೆಣ್ಣುಮಗಳೊಬ್ಬಳು ಈ ಕೆಲಸ ಕಲಿತರೆ ಎಷ್ಟು ತಾಯಂದಿರು ಆಲ್ಬಮ್ಮಿಗೆ ಮರಳಿಯಾರು!

ಆದರೆ ಒಂದು ಮಾತು. ಕೇಳದೆ ತೆಗೆಯಬಾರದು. ಬೇಡವೆಂದರೆ ಅವರ ಮುಂದೆಯೇ ಅಳಿಸಬೇಕು. ಕ್ಯಾಮೆರಾದಲ್ಲಿ ವೈಫೈ ಇದೆಯೆಂದು ಕಂಡವರಿಗೆಲ್ಲ ಕಳಿಸಬಾರದು. ಇನ್ನೊಬ್ಬರ ಚಿತ್ರ ನಮ್ಮ ಬಳಿ ಇರುವ ಅಮಾನತ್ತು.