ನೀರಿನ ಸಭೆಯಲ್ಲೂ ಟೇಲ್ ಎಂಡ್ ಇದೆ

ಕಾಲುವೆಯ ಕೊನೇ ಭಾಗದಲ್ಲಿ ಜಮೀನು ಇರೋರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಮೇಲ್ಭಾಗದವರು ಭತ್ತ ನಾಟಿ ಮುಗಿಸಿದರೂ ನಮ್ಮ ತೂಬಿಗೆ ನೀರು ಬಂದಿರಲ್ಲ. ತುಂಗಭದ್ರಾ ಎಡದಂಡೆಯ ಟೇಲ್ ಎಂಡ್ ರೈತರಾದ ನಾವು ಇದಕ್ಕಾಗಿ ರಸ್ತೆ ತಡೆ ಮಾಡಿದ್ದೇವೆ, ಮನವಿ ಕೊಟ್ಟಿದ್ದೇವೆ. ‘ನೀರಿನ ತೀರ್ಮಾನ ಮಾಡುವಾಗ ಕೊನೇ ರೈತನನ್ನೂ ಕೇಳಿ’ ಅನ್ನೋದು ನಮ್ಮ ಬೇಡಿಕೆ. ಆದರೆ ಕುಡಿಯುವ ನೀರಿನ ವಿಷಯದಲ್ಲಿ ಊರೊಳಗೆ ನಾವೇ ಮೇಲ್ಭಾಗದವರಾಗಿದ್ದೇವೆ. ಇದು ನನಗೆ ಗೊತ್ತಾಗಿದ್ದು ಅವ್ವನಿಂದ.

ಎರಡು ವರ್ಷದ ಹಿಂದೆ ನಮ್ಮೂರಲ್ಲಿ ಮನೆ ಮನೆಗೆ ನಲ್ಲಿ ಬಂತು. ನೀರು ಬಿಡುವ ಹೊತ್ತು ಗೊತ್ತು ಮಾಡಲು ಸಭೆ ಕರೆದರು. ನಾನೂ ಹೋಗಿದ್ದೆ. ಇದ್ದ 14 ಜನರಲ್ಲಿ ಹೆಣ್ಣುಮಕ್ಕಳು ಇಬ್ಬರೇ. ಸಹಿ ಮಾಡಿ ಬಾಗಿಲ ಹತ್ತಿರ ಕುಳಿತರು, ಯಾರೂ ಅವರನ್ನು ಮಾತಾಡಿಸಲಿಲ್ಲ. ಕೇರಿಯಿಂದ ಒಬ್ಬರೂ ಇರಲಿಲ್ಲ. ವಾಟರ್‌ಮ್ಯಾನ್‌ಗೆ ಅನುಕೂಲ ಅಂತ ಬೆಳಿಗ್ಗೆ 10ರಿಂದ 11ರವರೆಗೆ ಎಂದು ತೀರ್ಮಾನಿಸಿ, ಚಹಾ ಕುಡಿದು ಎದ್ದೆವು.

ಮನೆಗೆ ಬಂದು ಹೇಳಿದಾಗ ಅವ್ವ ನಕ್ಕಳು. “ಹತ್ತಕ್ಕ ಊರಾಗ ಯಾರು ಇರ್ತಾರೋ? ಎಲ್ಲಾರೂ ಕಳೆ ತೆಗಿಯಾಕ ಹೋಗಿರ್ತೀವಿ. ನೀರು ನಾಯಿ ತುಂಬ್ತಾವೇನು?”

ಅವಳ ಮಾತು ನಿಜವಾಯಿತು. ಕೂಲಿ ಬಿಡಲಾಗದವರು ಮಗಳನ್ನು ಶಾಲೆ ಬಿಡಿಸಿ ಕೊಡ ತುಂಬಿಸಲು ನಿಲ್ಲಿಸಿದರು. ಪೈಪಿನ ಕೊನೆಗಿರುವ ಕೇರಿಗೆ ದಾರದಷ್ಟು ನೀರು. ಎಂಟು ತಿಂಗಳು ಹೀಗೇ ನಡೆಯಿತು. ಆ ತೀರ್ಮಾನಕ್ಕೆ ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಕೊನೆಗೆ ಕೇರಿಯ ಹೆಣ್ಣುಮಕ್ಕಳೂ ಅವ್ವನ ಜೊತೆಗಾರರೂ ಸೇರಿ ಸಭೆಗೆ ಬಂದು ದಾರಿ ಹೇಳಿದರು. ಟ್ಯಾಂಕನ್ನು ಹಿಂದಿನ ದಿನವೇ ತುಂಬಿಸಿಡಿ, ಬೆಳಿಗ್ಗೆ 6ಕ್ಕೆ ಬಿಡಿ. ಮೊದಲು ಉಳಿದ ವಾಲ್ವ್ ಮುಚ್ಚಿ ಕೇರಿಯ ವಾಲ್ವ್ ತೆಗೆಯಿರಿ, ಆಮೇಲೆ ಮೇಲಿನ ಓಣಿಗಳಿಗೆ ಕೊಡಿ. ಅಷ್ಟೇ. ಹೊಸ ಪೈಪ್ ಬೇಕಾಗಲಿಲ್ಲ, ರೊಕ್ಕ ಖರ್ಚಾಗಲಿಲ್ಲ. ನಾವು ಕಾಲುವೆಯಲ್ಲಿ ಕೇಳುವುದೂ ಇದನ್ನೇ ಅಲ್ಲವೇ, ಕೊನೆಯವರಿಗೆ ಮೊದಲು?

‘ಹೆಣ್ಣುಮಕ್ಕಳು ಬಂದರೆ ಸಭೆ ಉದ್ದ ಆಗುತ್ತೆ, ಕೆಲಸ ಆಗಲ್ಲ’ ಅಂತ ಕೆಲವರು ಹೇಳ್ತಾರೆ. ನಮ್ಮ ಸಭೆ ಅರ್ಧ ತಾಸಿನಲ್ಲಿ ಮುಗಿದಿತ್ತು, ತಪ್ಪು ಎಂಟು ತಿಂಗಳು ನಡೆಯಿತು. ಹಾಗಾಗಿ ನಾನು ಇದನ್ನು ದಾನ, ಮರ್ಯಾದೆ ಅಂತ ನೋಡುವುದಿಲ್ಲ. ನೀರು ಹೊರುವವರು ಇಲ್ಲದ ಸಭೆಗೆ ಮಾಹಿತಿಯೇ ಇರಲ್ಲ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 1992ರಲ್ಲಿ ಡಬ್ಲಿನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ನೀರಿನ ಬಗ್ಗೆ ನಾಲ್ಕು ತತ್ವ ಹೇಳಿತು. ಮೂರನೆಯದು, ನೀರಿನ ನಿರ್ವಹಣೆಯಲ್ಲಿ ಮಹಿಳೆಯರದು ಮುಖ್ಯ ಪಾತ್ರ ಎಂಬುದು. ಆದರೂ ಜಗತ್ತಿನ ನೀರಿನ ಮಾತುಕತೆ ಹೆಚ್ಚಾಗಿ ನಡೆಯುವುದು ಕೊಡ ಹೊರುವವರಿಂದ ಬಹುದೂರ. ವಿಶ್ವ ಜಲ ಮಂಡಳಿಯ ಕಚೇರಿ ಇರುವುದು ಫ್ರಾನ್ಸಿನ ಮಾರ್ಸೇಯಲ್ಲಿ. ನೀರಿಗಾಗಿಯೇ ವಿಶ್ವಸಂಸ್ಥೆ 1977ರಲ್ಲಿ ಅರ್ಜೆಂಟೀನಾದಲ್ಲಿ ಸಮ್ಮೇಳನ ನಡೆಸಿತು. ಮುಂದಿನ ಅಂಥ ಸಮ್ಮೇಳನ ನ್ಯೂಯಾರ್ಕ್‌ನಲ್ಲಿ ಸೇರಿದ್ದು 46 ವರ್ಷದ ನಂತರ, 2023ರಲ್ಲಿ. ಅಲ್ಲಿಗೆ ಟಿಕೆಟ್ ತೆಗೆಸಿ, ಇಂಗ್ಲಿಷಿನಲ್ಲಿ ಮಾತಾಡಬಲ್ಲವರು ಯಾರು, ನೀವೇ ಹೇಳಿ.

ನೈರ್ಮಲ್ಯದ ವಿಷಯದಲ್ಲಿ ಒಬ್ಬರನ್ನು ನೆನೆಯಲೇಬೇಕು. ಬೆಜವಾಡ ವಿಲ್ಸನ್ ನಮ್ಮ ಕೆಜಿಎಫ್‌ನವರು, ಮಲ ಎತ್ತುವ ಕೆಲಸಕ್ಕೆ ತಳ್ಳಲ್ಪಟ್ಟ ಕುಟುಂಬದಲ್ಲೇ ಹುಟ್ಟಿದವರು. ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದವರಲ್ಲಿ ಒಬ್ಬರು. ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟ್‌ಗೆ ಹೋಯಿತು. 2013ರಲ್ಲಿ ಹೊಸ ಕಾಯ್ದೆ, 2014ರಲ್ಲಿ ತೀರ್ಪು ಬಂತು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಿಕ್ಕಿತು. ನೋವು ಉಂಡವರೇ ಮುಂದೆ ನಿಂತಾಗ ಪ್ರಶ್ನೆಯೇ ಬದಲಾಯಿತು. ‘ಒಳ್ಳೆ ಬುಟ್ಟಿ ಕೊಡಿ’ ಅಂತ ಅವರು ಕೇಳಲಿಲ್ಲ, ‘ಈ ಕೆಲಸವೇ ನಿಲ್ಲಲಿ’ ಅಂದರು.

ಯುವ ರೈತ ಗೆಳೆಯರೇ, ನ್ಯೂಯಾರ್ಕ್ ಸಭೆ ನಮ್ಮ ಕೈಯಲ್ಲಿಲ್ಲ. ಊರಿನ ಸಭೆ ಇದೆ. ಈ ವಾರ ಮೂರು ಕೆಲಸ ಮಾಡಿ.

ಒಂದು, ಪಂಚಾಯಿತಿಗೆ ಹೋಗಿ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಪಟ್ಟಿ ಕೇಳಿ. ಜಲ ಜೀವನ್ ಮಿಷನ್ ಮಾರ್ಗಸೂಚಿ ಪ್ರಕಾರ 10ರಿಂದ 15 ಸದಸ್ಯರು ಇರಬೇಕು, ಅರ್ಧದಷ್ಟು ಮಹಿಳೆಯರು. ಪರಿಶಿಷ್ಟರಿಗೂ ದುರ್ಬಲ ವರ್ಗದವರಿಗೂ ಜನಸಂಖ್ಯೆಗೆ ತಕ್ಕ ಜಾಗ ಸಿಗಬೇಕು. ಹೆಸರಿದ್ದವರು ನಿಜವಾಗಿ ಸಭೆಗೆ ಬರ್ತಾರಾ, ಅವರ ಬದಲು ಗಂಡ ಬರ್ತಾನಾ ನೋಡಿ.

ಎರಡು, ಸಭೆಯ ಹೊತ್ತು ಬದಲಿಸಿ. ಕೂಲಿ ಬಿಟ್ಟು ಬರಬೇಕಾದ ಸಭೆಗೆ ಬಡವರು ಬರಲ್ಲ. ಸಂಜೆ ಏಳರ ನಂತರ ಕರೆಯಿರಿ, ಒಮ್ಮೆಯಾದರೂ ಕೇರಿಯಲ್ಲೇ ಕರೆಯಿರಿ.

ಮೂರು, ನಿಮ್ಮೂರಿನ ನೀರಿನ ವಾಟ್ಸ್ಆ್ಯಪ್ ಗ್ರೂಪ್ ತೆರೆದು ಹೆಣ್ಣುಮಕ್ಕಳ ನಂಬರ್ ಎಷ್ಟಿವೆ ಎಣಿಸಿ. ನಮ್ಮ ಗ್ರೂಪ್‌ನಲ್ಲಿ ಸೊನ್ನೆ ಇತ್ತು. ಅಡ್ಮಿನ್ ನಾನೇ ಆಗಿದ್ದೆ.